ಆಮ್‌ಸ್ಟರ್‌ಡ್ಯಾಮಲ್ಲಿ ಅಟ್ಟದ ಮೇಲಿರೋ ಚರ್ಚು ನೋಡೋಕೆ ಹೋಗೋದು ಹೇಗೆ

ಆಮ್‌ಸ್ಟರ್‌ಡ್ಯಾಮ್‌ಗೆ ಹೋದೋರು ಕಾಲುವೇಲಿ ಬೋಟ್ ಹತ್ತಿ, ಟ್ಯೂಲಿಪ್ ನೋಡಿ, ಫೋಟೋ ತಗೊಂಡು ಬಂದ್ಬಿಡ್ತಾರೆ. ದೇವರ ಜಾಗ ಅಂತ ಹುಡುಕೋರು ಕಮ್ಮಿ, ಯಾಕಂದ್ರೆ ಅಲ್ಲಿ ತುಂಬ ಚೆನ್ನಾಗಿರೋ ಕೆಲವು ಜಾಗ ಬೀದಿಯಿಂದ ಕಾಣಿಸೋದೇ ಇಲ್ಲ. 1578ರಲ್ಲಿ ಊರು ಪ್ರಾಟೆಸ್ಟಂಟರ ಕೈಗೆ ಹೋಯ್ತು, ಕ್ಯಾಥೊಲಿಕರ ಚರ್ಚುಗಳೆಲ್ಲ ಹೋದ್ವು, ಬಹಿರಂಗವಾಗಿ ಪೂಜೆ ಮಾಡೋ ಹಾಗಿಲ್ಲ ಅಂತ ಆಯ್ತು. ಆದ್ರೆ ಹೊರಗಿನಿಂದ ಚರ್ಚು ಥರ ಕಾಣದೆ ಇದ್ರೆ ಮನೆ ಒಳಗೆ ಏನಾದ್ರೂ ಮಾಡ್ಕೊಳ್ಳಿ ಅಂತ ಅಧಿಕಾರಿಗಳು ಸುಮ್ನಿರ್ತಿದ್ರು. ಇದೊಂದು ತಲೇಲಿಟ್ಕೊಂಡು ಹೊರಡಿ, ಆಮೇಲೆ ಊರೇ ಬೇರೆ ಥರ ಕಾಣುತ್ತೆ.

ಸೆಂಟ್ರಲ್ ಸ್ಟೇಷನ್ನಿಂದ ನಡ್ಕೊಂಡೇ ಶುರು ಮಾಡಿ. ಮೊದಲು ಔಡೆ ಕೆರ್ಕ್, ಅಂದ್ರೆ ಹಳೇ ಚರ್ಚು. 1306ರಲ್ಲಿ ಪ್ರತಿಷ್ಠೆ ಆಗಿದ್ದು, ಊರಲ್ಲಿ ಉಳಿದಿರೋ ಕಟ್ಟಡಗಳಲ್ಲೇ ಹಳೇದು, ನಾವಿಕರನ್ನ ಕಾಯೋ ಸಂತ ನಿಕೋಲಸ್ ಹೆಸರಲ್ಲಿ ಕಟ್ಟಿದ್ದು. ತಲೆ ಎತ್ತಿ ಮರದ ಚಾವಣಿ ನೋಡಿ, ಆಮೇಲೆ ಕಾಲಡಿ ನೋಡಿ, ನೆಲ ಪೂರ್ತಿ ಸಮಾಧಿ ಕಲ್ಲುಗಳು. ಡಚ್ ಚಿತ್ರಕಾರ ರೆಂಬ್ರಾಂಟ್‌ನ ಹೆಂಡತಿ, 1642ರಲ್ಲಿ ತೀರ್ಕೊಂಡ ಸಾಸ್ಕಿಯಾ ಕೂಡ ಇಲ್ಲೇ ಇದಾಳೆ. ಚರ್ಚಿನ ಸುತ್ತಲೇ ರೆಡ್ ಲೈಟ್ ಏರಿಯಾ ಇದೆ, ಕಿಟಕಿಲಿ ನಿಂತಿರೋ ಹೆಣ್ಮಕ್ಕಳ ಫೋಟೋ ಮಾತ್ರ ದಯವಿಟ್ಟು ತೆಗೀಬೇಡಿ.

ಅಲ್ಲಿಂದ ಚರ್ಚಿನ ಪಕ್ಕದ ಕಾಲುವೆ ದಡದಲ್ಲೇ ಸ್ವಲ್ಪ ನಡೆದ್ರೆ 38ನೇ ನಂಬರಿನ ಮನೆ. ನೋಡೋಕೆ ಪಕ್ಕದ ಮನೆಗಳ ಹಾಗೇ ಇದೆ, ದಾಟ್ಕೊಂಡು ಹೋಗೋ ಚಾನ್ಸೇ ಜಾಸ್ತಿ. ಯಾನ್ ಹಾರ್ಟ್‌ಮನ್ ಅನ್ನೋ ಕ್ಯಾಥೊಲಿಕ್ ವ್ಯಾಪಾರಿ 1661ರಿಂದ 1663ರಲ್ಲಿ ಈ ಮನೆ ಮತ್ತೆ ಹಿಂದಿನ ಎರಡು ಮನೆಗಳ ಮೇಲಿನ ಅಂತಸ್ತುಗಳನ್ನ ಸೇರಿಸಿ ಒಂದು ಪೂರ್ತಿ ಚರ್ಚು ಮಾಡಿಸಿದ. ಹೆಸರೇ 'ಅಟ್ಟದ ಮೇಲಿನ ನಮ್ಮ ಪ್ರೀತಿಯ ಪ್ರಭು' ಅಂತ. ನಮ್ಮಲ್ಲಿ ಅಟ್ಟ ಅಂದ್ರೆ ಹಳೇ ಪಾತ್ರೆ, ತೆಂಗಿನಕಾಯಿ ಇಡೋ ಜಾಗ ಅಲ್ವಾ, ಇಲ್ಲಿ ಮನೆ ಅಡುಗೆಕೋಣೆ, ಹಜಾರ ಎಲ್ಲ ದಾಟಿ, ಕಡಿದಾದ ಮೆಟ್ಟಿಲು ಹತ್ತಿ ಮೇಲೆ ಬಂದ್ರೆ ಇದ್ದಕ್ಕಿದ್ದ ಹಾಗೆ ಗುಲಾಬಿ ಬಣ್ಣದ ಗೋಡೆ, ಎರಡೂ ಕಡೆ ಗ್ಯಾಲರಿ, ಎದುರಿಗೆ ದೊಡ್ಡ ಪೀಠ! ಜಾಗ ಸಾಲದು ಅಂತ ಉಪದೇಶದ ಕಟ್ಟೇನ ಪೀಠದ ಕಂಬದೊಳಗೆ ಮಡಚಿಡೋ ಹಾಗೆ ಮಾಡಿದಾರೆ, ಅದನ್ನ ಹತ್ರ ಹೋಗಿ ನೋಡಿ, ನಾನಂತೂ ಅದರ ಮುಂದೆ ತುಂಬಾ ಹೊತ್ತು ನಿಂತಿದ್ದೆ. 1888ರಿಂದ ಇದು ಮ್ಯೂಸಿಯಂ, ಟಿಕೆಟ್ ಇದೆ. ಮಂಡಿ ನೋವಿರೋ ಹಿರಿಯರು ಜೊತೇಲಿದ್ರೆ ಮೆಟ್ಟಿಲ ಬಗ್ಗೆ ಮೊದ್ಲೇ ಹೇಳ್ಬಿಡಿ. ಭಾನುವಾರ ಬೆಳಿಗ್ಗೆ ಇಲ್ಲಿಗೂ ಹಳೇ ಚರ್ಚಿಗೂ ಹೋಗೋ ಪ್ಲ್ಯಾನ್ ಬೇಡ, ಮಧ್ಯಾಹ್ನದ ಮೇಲೆ ಇಟ್ಕೊಳ್ಳಿ.

ಮಧ್ಯಾಹ್ನ ಬೆಗೈನ್‌ಹಾಫ್. ಸನ್ಯಾಸಿನಿಯರಾಗದೆ ವ್ರತ ಹಿಡಿದು ಒಟ್ಟಿಗೆ ಬದುಕ್ತಿದ್ದ ಹೆಂಗಸರ ವಠಾರ ಇದು, ಕೊನೆಯವರು ತೀರ್ಕೊಂಡಿದ್ದು 1971ರಲ್ಲಿ. ಅವರ ಹಳೇ ಚಾಪೆಲ್ ಇಂಗ್ಲಿಷ್ ಪ್ರಾಟೆಸ್ಟಂಟರಿಗೆ ಹೋಯ್ತು, ಆ ಹೆಂಗಸರು ಸುಮ್ನೆ ಕೂರ್ಲಿಲ್ಲ, ಎದುರಿಗೇ ಎರಡು ಮನೆ ಸೇರಿಸಿ 1671ರಲ್ಲಿ ಗುಟ್ಟಾಗಿ ಇನ್ನೊಂದು ಮಾಡ್ಕೊಂಡ್ರು. ಈಗಲೂ ಅಲ್ಲಿ ಪ್ರಾರ್ಥನೆ ನಡೆಯುತ್ತೆ. ಮನೆಗಳಲ್ಲಿ ಇವತ್ತಿಗೂ ಹೆಂಗಸರು ವಾಸ ಇದಾರೆ, ಅದಕ್ಕೆ ಮೆಲ್ಲಗೆ ಮಾತಾಡಿ, ಕಿಟಕಿಲಿ ಇಣುಕಬೇಡಿ. ಹತ್ರದಲ್ಲೇ ಕಾಲ್ವರ್‌ಸ್ಟ್ರಾಟ್ ಅನ್ನೋ ಶಾಪಿಂಗ್ ಬೀದೀಲಿ ಬಟ್ಟೆ ಅಂಗಡಿಗಳ ಮಧ್ಯೆ 'ಗಿಳಿ' ಅಂತ ಕರೆಯೋ ಚರ್ಚು ಇದೆ, ಅದೂ ಒಂದು ಕಾಲದಲ್ಲಿ ಅಡಗಿಸಿಟ್ಟಿದ್ದೇ. ಹೊತ್ತಿದ್ರೆ ವೆಸ್ಟರ್‌ಕೆರ್ಕ್ ಅನ್ನೋ ಚರ್ಚಿನ ಕಡೆ ಹೋಗಿ, ರೆಂಬ್ರಾಂಟ್‌ನ 1669ರಲ್ಲಿ ಅಲ್ಲಿ ಹೂತಿದ್ದು, ಯಾವ ಜಾಗ ಅಂತ ಗುರುತಿಲ್ಲ.

ಪೋರ್ಚುಗೀಸ್ ಸಿನಗಾಗ್‌ಗೆ, ಅಂದ್ರೆ ಯೆಹೂದಿಗಳ ಪ್ರಾರ್ಥನಾ ಮಂದಿರಕ್ಕೆ, ಇನ್ನೊಂದು ದಿನ ಇಡಿ, ಶನಿವಾರ ಬಿಟ್ಟು, ಅವತ್ತು ಅವರ ಸಬ್ಬತ್, ವಾರದ ವಿಶ್ರಾಂತಿ ದಿನ. ಸ್ಪೇನ್, ಪೋರ್ಚುಗಲ್‌ನಿಂದ ಕಿರುಕುಳ ತಾಳಲಾರದೆ ಬಂದ ಯೆಹೂದಿಗಳ ಸಮುದಾಯ 1675ರಲ್ಲಿ ಕಟ್ಟಿ ಮುಗಿಸಿದ್ದು, ಇದನ್ನ ಮಾತ್ರ ಯಾರೂ ಅಡಗಿಸ್ಲಿಲ್ಲ, ಎಲ್ಲರಿಗೂ ಕಾಣೋ ಹಾಗೆ ದೊಡ್ಡದಾಗೇ ಕಟ್ಟಿದ್ರು. ಒಳಗೆ ಕರೆಂಟ್ ದೀಪ ಇಲ್ಲ, ಸಾವಿರ ಮೇಣದಬತ್ತಿ ಹಚ್ಚೋ ಹಿತ್ತಾಳೆ ದೀಪಗಳು, ಚಳಿಗಾಲ ಆದ್ರೆ ಸ್ವೆಟರ್ ತೆಗೀಬೇಡಿ. ನೆಲದ ಮೇಲೆ ನುಣ್ಣನೆ ಮರಳು ಚೆಲ್ಲಿರ್ತಾರೆ, ಧೂಳು ತೇವ ಹೀರ್ಕೊಳ್ಳಲಿ, ಹೆಜ್ಜೆ ಸದ್ದಾಗದೆ ಇರ್ಲಿ ಅಂತ. ಗಂಡಸರು ತಲೆ ಮುಚ್ಕೋಬೇಕು. ಎರಡನೇ ಮಹಾಯುದ್ಧದಲ್ಲಿ ಈ ಊರಿನ ಯೆಹೂದಿಗಳಲ್ಲಿ ಬಹುಪಾಲು ಜನರನ್ನ ಕೊಂದ್ರು, ಕಟ್ಟಡ ಹಾಗೇ ಉಳೀತು. ಆ ಬೆಂಚುಗಳಲ್ಲಿ ಐದು ನಿಮಿಷ ಸುಮ್ನೆ ಕೂತ್ಕೊಳ್ಳಿ, ಸೆಲ್ಫಿ ಬೇಡ.

ಮಾರ್ಚಲ್ಲಿ ಹೋಗೋರಿಗೆ ಇನ್ನೊಂದು ಮಾತು. 1345ರಲ್ಲಿ ಈ ಊರಲ್ಲಿ ಒಂದು ಪವಾಡ ಆಯ್ತು, ಪ್ರಸಾದದ ರೊಟ್ಟಿ ಬೆಂಕಿಗೆ ಬಿದ್ರೂ ಸುಡ್ಲಿಲ್ಲ ಅಂತ ಕ್ಯಾಥೊಲಿಕರ ನಂಬಿಕೆ. ಅದರ ನೆನಪಿಗೆ ಮಾರ್ಚಲ್ಲಿ ಒಂದು ಶನಿವಾರ ರಾತ್ರಿ ಸಾವಿರಾರು ಜನ ಹಳೇ ಊರಿನ ಬೀದಿಗಳಲ್ಲಿ ನಡೀತಾರೆ. ಮೆರವಣಿಗೆ ನಿಷೇಧ ಇದ್ದ ಕಾಲದ ರೂಢಿ, ಅದಕ್ಕೆ ಬಾವುಟ ಇಲ್ಲ, ಹಾಡಿಲ್ಲ, ಮಾತೂ ಇಲ್ಲ. ನೀವೂ ಸೇರ್ಕೋಬಹುದು, ಬೆಚ್ಚಗೆ ಜಾಕೆಟ್ ಹಾಕ್ಕೊಳ್ಳಿ, ಫೋನ್ ಸೈಲೆಂಟ್ ಮಾಡಿ ಜೇಬಲ್ಲಿಡಿ, ಮುಂದಿನವರ ಹಿಂದೆ ನಡೀತಾ ಇರಿ.