ಸಾಲ ಮಾಡದೆ ಎಂಎಸ್‌ಎನ್ ಮುಗಿಸಿದ ನನ್ನ ಅನುಭವ

ಹ್ಯೂಸ್ಟನ್‌ನ ಆಸ್ಪತ್ರೆಯಲ್ಲಿ ನರ್ಸ್ ಆಗಿ ರಾತ್ರಿ ಪಾಳಿ ಮಾಡಿಕೊಂಡೇ ಎಂಎಸ್‌ಎನ್, ಅಂದರೆ ನರ್ಸಿಂಗ್‌ನ ಸ್ನಾತಕೋತ್ತರ ಪದವಿ ಮುಗಿಸಿದೆ. ಓದಿದ್ದು ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ (ಎನ್‌ಪಿ) ವಿಭಾಗ: ರೋಗಿಗಳನ್ನು ತಾವೇ ನೋಡಿ ಔಷಧಿ ಬರೆಯುವ ನರ್ಸ್‌ಗಳ ಓದು. ಒಂದು ಡಾಲರ್ ಸಾಲ ಇಲ್ಲ. ಸೇರುವಾಗ ಮಂಗಳೂರು ಕಡೆಯ ಜೂನಿಯರ್‌ಗಳೇ, “ಅಕ್ಕಾ, ಆಸ್ಪತ್ರೆ ಕೊಡೋ ಐದು ಸಾವಿರದಲ್ಲಿ ಎಂಎಸ್‌ಎನ್ ಆಗುತ್ತಾ? ಲೋನ್ ತಗೊಂಡು ಎರಡು ವರ್ಷದಲ್ಲಿ ಮುಗಿಸಿಬಿಡಿ” ಅಂದಿದ್ದರು.

ಕೆಲಸ ಕೊಟ್ಟ ಸಂಸ್ಥೆ ಓದಿಗೆ ಕೊಡುವ ನೆರವಿನಲ್ಲಿ ತೆರಿಗೆ ಇಲ್ಲದೆ ಸಿಗೋದು ವರ್ಷಕ್ಕೆ 5,250 ಡಾಲರ್. 1986ರಿಂದ ಆ ಮೊತ್ತ ಅಲ್ಲೇ ನಿಂತಿತ್ತು. 2026 ಕಳೆದ ಮೇಲೆ ಬೆಲೆಯೇರಿಕೆಗೆ ತಕ್ಕಂತೆ ಏರಬೇಕು. ಆದರೆ ಅದು ಜನವರಿಯಿಂದ ಡಿಸೆಂಬರ್ ಲೆಕ್ಕ, ಕಾಲೇಜು ವರ್ಷದ್ದಲ್ಲ. ಆಗಸ್ಟಿನಲ್ಲಿ ಸೇರಿ ಮೂರು ವರ್ಷ ಓದಿ ಮೇ ತಿಂಗಳಲ್ಲಿ ಮುಗಿಸಿದರೆ ನಾಲ್ಕು ಕ್ಯಾಲೆಂಡರ್ ವರ್ಷ ಕೈಗೆ ಸಿಗುತ್ತವೆ. ನನ್ನ ಹಟವೆಲ್ಲ ಇದರ ಮೇಲೇ ನಿಂತಿತ್ತು.

ನಮ್ಮ ಆಸ್ಪತ್ರೆ ದುಡ್ಡು ಕೊಡೋದು ಗ್ರೇಡ್ ಬಂದ ಮೇಲೆ. ತೊಡಕು ಇರೋದು ಫಾಲ್ ಸೆಮಿಸ್ಟರಿನಲ್ಲಿ, ಅಂದರೆ ಆಗಸ್ಟ್‌ನಿಂದ ಡಿಸೆಂಬರ್‌ವರೆಗಿನ ಅವಧಿಯಲ್ಲಿ. ಗ್ರೇಡ್ ಬರೋದು ಡಿಸೆಂಬರ್ ಮೂರನೇ ವಾರ, ಎಚ್‌ಆರ್ ದುಡ್ಡು ಹಾಕೋದು ಜನವರಿಯಲ್ಲಿ. ಅಲ್ಲಿಗೆ ಆ ವರ್ಷದ ಪಾಲು ಹೋಯಿತು. ಅದಕ್ಕೇ ಎಂಟು ವಾರದ ಕೋರ್ಸ್‌ಗಳಿರುವ ಸರ್ಕಾರಿ ಯೂನಿವರ್ಸಿಟಿ ಹುಡುಕಿದೆ. ಅಕ್ಟೋಬರ್‌ಗೇ ಗ್ರೇಡ್ ಕೈಗೆ ಬಂತು. ಆದರೂ ಮೊದಲ ಕ್ಲೈಮ್ ವಾಪಸ್: ಬಿಲ್ಲಿನಲ್ಲಿ ಟ್ಯೂಷನ್, ಲ್ಯಾಬ್ ಫೀ, ಟೆಕ್ನಾಲಜಿ ಫೀ ಎಲ್ಲ ಒಂದೇ ಸಾಲಿನಲ್ಲಿತ್ತು. ಯೂನಿವರ್ಸಿಟಿಯ ಫೀ ಲೆಕ್ಕ ನೋಡುವ ಬರ್ಸರ್ ಆಫೀಸಿಗೆ ಬೆನ್ನು ಬಿದ್ದು ಬಿಡಿಬಿಡಿಯಾಗಿ ಬರೆಸಿದ್ದಕ್ಕೆ, ವರ್ಷದ ಕೊನೆಯ ಸಂಬಳದ ಚೀಟಿಯಲ್ಲಿ 3,000 ಚಿಲ್ಲರೆ ಬಂತು.

ಒಟ್ಟು ಟ್ಯೂಷನ್ 25,000ದ ಆಸುಪಾಸು. ಆಸ್ಪತ್ರೆಯಿಂದ ಬಂದದ್ದು ಹತ್ತಿರಹತ್ತಿರ 19,000. ಉಳಿದದ್ದು ನನ್ನ ಕೈಯಿಂದ. ಅದರ ಮೇಲೂ ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ ಅನ್ನೋ, ಓದಿನ ಖರ್ಚಿಗೆ ಸಿಗುವ ತೆರಿಗೆ ರಿಯಾಯಿತಿ ಹಾಕಿ, ಕಟ್ಟಿದ್ದರ ಶೇ. 20ರಷ್ಟನ್ನು ತೆರಿಗೆಯಲ್ಲಿ ಇಳಿಸಿಕೊಂಡೆ. ಆಸ್ಪತ್ರೆ ಕೊಟ್ಟ ಭಾಗಕ್ಕೆ ಅದು ಸಿಗಲ್ಲ, ನಾವು ಕಟ್ಟಿದ್ದಕ್ಕೆ ಮಾತ್ರ. ಮೊದಲು ಕಟ್ಟಿ ಆಮೇಲೆ ವಾಪಸ್ ಪಡೆಯುವ ನಡುವಿನ ತಿಂಗಳುಗಳಿಗೆ ಬಡ್ಡಿಯಿಲ್ಲದ ಕ್ರೆಡಿಟ್ ಕಾರ್ಡ್ ಒಂದನ್ನು ಉಜ್ಜಿ ನೋಡಿದೆ. ಯೂನಿವರ್ಸಿಟಿ ಕಾರ್ಡಿಗೆ ಹಾಕೋ ಸರ್ವಿಸ್ ಚಾರ್ಜ್ ನೋಡಿ ಬಿಟ್ಟೆ. ಅವರ ಕಂತಿನ ಪ್ಲ್ಯಾನೇ ಅಗ್ಗ.

ಕ್ಲಿನಿಕಲ್ಸ್ (ರೋಗಿಗಳ ನಡುವೆ ಮಾಡುವ ತರಬೇತಿ) ಬಂದಾಗ ಎಲ್ಲರೂ ಪಾರ್ಟ್‌ಟೈಮ್‌ಗೆ ಇಳೀತಾರೆ. ನಮ್ಮಲ್ಲಿ ಹಾಗೆ ಇಳಿದರೆ ನೆರವೂ ಅರ್ಧ. ನಾನು ಶುಕ್ರವಾರದಿಂದ ಭಾನುವಾರದವರೆಗೆ ಮೂರು ರಾತ್ರಿ ಹಿಡಿದು 36 ಗಂಟೆ ಉಳಿಸಿಕೊಂಡೆ. ದುಡ್ಡು ಕೊಡದೆ ಪ್ರಿಸೆಪ್ಟರ್, ಅಂದರೆ ಆ ತರಬೇತಿಯಲ್ಲಿ ಜೊತೆಗಿದ್ದು ಕಲಿಸುವವರು, ಹೇಗೆ ಸಿಕ್ಕರು ಅನ್ನೋದನ್ನು ಇಲ್ಲಿ ಬರೆಯಲ್ಲ; ನಮ್ಮ ಯೂನಿಟ್‌ನ ಇಬ್ಬರು ಹುಡುಗಿಯರಿಗೆ ಆ ದಾರಿ ಇನ್ನೂ ಬೇಕಾಗಿದೆ.

ಆಸ್ಪತ್ರೆಯ ನೆರವಿಗೆ ಒಂದು ಕರಾರೂ ಇದೆ: ಕೊನೆಯ ಕಂತು ಬಂದ ದಿನದಿಂದ ಎರಡು ವರ್ಷ ಕೆಲಸ ಬಿಡುವ ಹಾಗಿಲ್ಲ, ಬಿಟ್ಟರೆ ಉಳಿದ ತಿಂಗಳಿಗೆ ತಕ್ಕಷ್ಟು ವಾಪಸ್ ಕಟ್ಟಬೇಕು. ಸಹಿ ಹಾಕುವ ಮೊದಲು ಒಂದು ಕೇಳಿ: ಅದೇ ಸಂಸ್ಥೆಯ ಕ್ಲಿನಿಕ್‌ಗೆ ಎನ್‌ಪಿಯಾಗಿ ಹೋದರೆ ಅದು ಕೆಲಸ ಬಿಟ್ಟ ಲೆಕ್ಕವೇ? ನನಗೆ ‘ಅಲ್ಲ’ ಅಂತ ಬರವಣಿಗೆಯಲ್ಲೇ ಕೊಟ್ಟರು.