ಸೂರ್ಯಾಸ್ತ ಬಿಟ್ಟುಕೊಟ್ಟರೆ ಕಡಲು ಒಂದೇ ದಿನದ ದಾರಿ

ವಿರಾಜಪೇಟೆಯಿಂದ ಹೊರಟು ಕಡಲು ನೋಡಿ, ತಲಚೇರಿಯ ಬಿರಿಯಾನಿ ತಿಂದು, ಕತ್ತಲಾಗುವುದರೊಳಗೆ ಮನೆ ಸೇರುವುದು ಆಗದ ಮಾತು ಎಂದು ನಮ್ಮ ಮನೆಯಲ್ಲಿ ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ರೂಮ್ ಮಾಡದೆ ಕಡಲಿಗೆ ಹೋಗುವುದೆಂದರೆ ಬರೀ ಡ್ರೈವಿಂಗ್ ಮಾಡಿ ಬಂದಂತೆ ಎಂಬುದು ಭಾವನವರ ವಾದವಾಗಿತ್ತು. ಈಗ ನಾನೂ ನನ್ನ ಗಂಡನೂ ಇದನ್ನು ಎಷ್ಟೋ ಸಲ ಸಲೀಸಾಗಿ ಮಾಡಿಕೊಂಡು ಬಂದಿದ್ದೇವೆ. ಅದೇ ಭಾವನವರು ಹೊರಡುವ ಮುನ್ನ ನನಗೆ ಫೋನ್ ಮಾಡಿ ಇಳಿತದ, ಅಂದರೆ ಕಡಲಿನ ನೀರು ಹಿಂದೆ ಸರಿಯುವ ಸಮಯ ಕೇಳುತ್ತಾರೆ.

ಮೊದಲು ನಾವು ಮಾಡುತ್ತಿದ್ದುದು ಎಲ್ಲರೂ ಮಾಡುವುದನ್ನೇ. ತಡವಾಗಿ ತಿಂಡಿ ತಿಂದು ಹೊರಡುವುದು, ಮಧ್ಯಾಹ್ನ ಎರಡರ ಮೇಲೆ ಊಟಕ್ಕೆ ಕೂರುವುದು, ಸಂಜೆ ಮರಳಿನ ಮೇಲೆ ಸೂರ್ಯ ಮುಳುಗುವುದನ್ನು ಕಾಯುವುದು, ಆಮೇಲೆ ಮನೆಗೆ ಮರಳುವ ದಾರಿಯ ಮಾಕುಟ್ಟ ಘಾಟಿಯ ಕತ್ತಲನ್ನು ನೆನೆದು ಅಲ್ಲಿಯೇ ಉಳಿಯುವುದು. ರೂಮು, ರಾತ್ರಿಯೂಟ, ಮರುದಿನದ ತಿಂಡಿ ಎಲ್ಲ ಸೇರಿ ಎಂಟು ಸಾವಿರದ ಹತ್ತಿರ ಖರ್ಚಾಗುತ್ತಿತ್ತು. ಅಷ್ಟು ಕೊಟ್ಟರೂ ತಿಂದದ್ದು ಪಾತ್ರೆಯ ತಳದ ಬಿರಿಯಾನಿ, ನೋಡಿದ್ದು ಉಬ್ಬರ ಏರಿ ಮರಳೇ ಕಾಣದ ತೀರ. ಹಾಗಾಗಿ ಸೂರ್ಯಾಸ್ತವನ್ನೇ ಕೈಬಿಡೋಣ ಎಂದು ನಾನು ಹೇಳಿದೆ. ಕಡಲಿಗೆ ಹೋಗಿ ಸೂರ್ಯಾಸ್ತ ನೋಡದೆ ಬರುವುದುಂಟೆ ಎಂದು ಗಂಡನೂ ನಕ್ಕರು. ಆದರೆ ಆ ಒಂದನ್ನು ಬಿಟ್ಟ ಕೂಡಲೇ ಉಳಿದದ್ದೆಲ್ಲ ತಾನಾಗಿಯೇ ಸರಿಹೋಯಿತು.

ಈಗ ನಮ್ಮ ದಿನವನ್ನು ಗೊತ್ತುಮಾಡುವುದು ರಜೆಯಲ್ಲ, ಇಳಿತ. ಕಡಲಿನ ಇಳಿತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ, ಬೆಳಿಗ್ಗೆ ಎಂಟೂವರೆಯಿಂದ ಹತ್ತೂವರೆಯ ನಡುವೆ ಇಳಿತ ಬೀಳುವ ಎರಡು ಮೂರು ದಿನಗಳು ಹದಿನೈದು ದಿನಕ್ಕೊಮ್ಮೆ ಸಿಗುತ್ತವೆ. ಅವುಗಳಲ್ಲಿ ತೋಟದ ಕೆಲಸವಿಲ್ಲದ ದಿನವನ್ನು ಆರಿಸಿಕೊಳ್ಳುತ್ತೇವೆ. ಸಮಯವೊಂದನ್ನೇ ನೋಡಿದರೆ ಸಾಲದು, ನೀರಿನ ಮಟ್ಟವನ್ನೂ ನೋಡಬೇಕು. ನಮ್ಮ ಪಶ್ಚಿಮ ಕರಾವಳಿಯಲ್ಲಿ ದಿನದ ಎರಡು ಇಳಿತಗಳು ಒಂದೇ ಸಮವಾಗಿರುವುದಿಲ್ಲ, ಒಂದು ಚೆನ್ನಾಗಿ ಇಳಿದರೆ ಇನ್ನೊಂದು ಹೆಸರಿಗಷ್ಟೇ ಇಳಿಯುತ್ತದೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು ನಮ್ಮನ್ನು ಬಿಡುವುದಿಲ್ಲ. ಜೂನ್, ಜುಲೈಯಲ್ಲಿ ಘಾಟಿಯನ್ನು ನಂಬುವಂತಿಲ್ಲ, 2018ರ ಮಳೆಯಲ್ಲಿ ಅದು ಕುಸಿದು ಸಂಚಾರವೇ ನಿಂತಿದ್ದುದು ಎಲ್ಲರಿಗೂ ನೆನಪಿದೆ. ಅದೇ ಹೊತ್ತಿಗೆ ಕೇರಳದಲ್ಲಿ ಯಾಂತ್ರಿಕ ದೋಣಿಗಳು ಬಲೆಯೆಳೆದು ಮೀನು ಹಿಡಿಯುವ ಟ್ರಾಲಿಂಗಿಗೆ ನಿಷೇಧವೂ ಇರುವುದರಿಂದ ಮೀನಿನ ಬೆಲೆ ಕೇಳುವಂತಿರುವುದಿಲ್ಲ. ರಂಜಾನ್ ತಿಂಗಳಲ್ಲಿ ಹಗಲು ಮುಚ್ಚಿದ ಹೋಟೆಲುಗಳೇ ಹೆಚ್ಚು. ಇವೆಲ್ಲವನ್ನೂ ಕಳೆದರೆ ಅಕ್ಟೋಬರ್ ಮತ್ತು ನವೆಂಬರ್ ನಮಗೆ ಒದಗಿಬರುವ ತಿಂಗಳುಗಳು.

ಐದೂಮುಕ್ಕಾಲಕ್ಕೆ ಹೊರಡುತ್ತೇವೆ. ಅದಕ್ಕಿಂತ ಮೊದಲು ಹೊರಟರೆ ಪೆರುಂಬಾಡಿ ದಾಟಿದ ಮೇಲೆ ಕತ್ತಲಲ್ಲಿ ಆನೆ ಎದುರಾಗುವ ಭಯವಿದೆ. ಬೆಳಕು ಹರಿಯುತ್ತಿರುವಾಗಲೇ ಮಾಕುಟ್ಟ ಇಳಿಯುವುದು ಕ್ಷೇಮ. ಕೇರಳದ ಗಡಿಯಲ್ಲಿರುವ ಕೂಟುಪುಳೆಯ ಸೇತುವೆ ದಾಟಿ, ಇರಿಟ್ಟಿ, ಮಟ್ಟನ್ನೂರು, ಕೂತುಪರಂಬ ಹಿಂದೆ ಹಾಕಿದರೆ ತಲಚೇರಿ. ಹಿಂದೆ ಕೊಡಗಿನ ಕಾಫಿ ಎತ್ತಿನ ಗಾಡಿಗಳಲ್ಲಿ ಘಾಟಿಯಿಳಿದು ಇದೇ ತಲಚೇರಿಯ ಬಂದರಿನಲ್ಲಿ ಹಡಗೇರುತ್ತಿತ್ತು, ಆದ್ದರಿಂದ ನಮ್ಮವರಿಗೆ ಈ ಊರು ಹೊಸತೇನೂ ಅಲ್ಲ. ದಾರಿಯಲ್ಲಿ ತಿಂಡಿಗೆಂದು ಎಲ್ಲಿಯೂ ನಿಲ್ಲುವುದಿಲ್ಲ. ಅಕ್ಕಿ ಒಟ್ಟಿ (ನಮ್ಮ ಕೊಡಗಿನ ಅಕ್ಕಿ ರೊಟ್ಟಿ) ಮತ್ತು ಕುಂಬಳಕಾಯಿ ಕರಿ ಬುತ್ತಿಯಲ್ಲಿರುತ್ತವೆ. ಒಟ್ಟಿ ಮೂರು ತಾಸಾದರೂ ಮೆತ್ತಗಿರಲು ನಾನೊಂದು ಉಪಾಯ ಮಾಡುತ್ತೇನೆ; ಅದನ್ನು ನಾದಿನಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ತಲಚೇರಿಯಿಂದ ಕಣ್ಣೂರಿನ ಕಡೆಗೆ ಏಳೆಂಟು ಕಿಲೋಮೀಟರ್ ಹೋದರೆ ಮುಳಪ್ಪಿಲಂಗಾಡ್. ಅಲ್ಲಿ ಸುಮಾರು ನಾಲ್ಕು ಕಿಲೋಮೀಟರ್ ಉದ್ದಕ್ಕೆ ಮರಳಿನ ಮೇಲೆಯೇ ಕಾರು ಓಡಿಸಬಹುದು ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ನೀರು ಆಗತಾನೆ ಸರಿದ ಗಟ್ಟಿ ಮರಳಿನ ಪಟ್ಟಿಯನ್ನು ಬಿಟ್ಟು ಮೇಲಿನ ಒಣ ಮರಳಿಗೆ ಚಕ್ರ ಹತ್ತಿಸಿದವರು ಮಾತ್ರ ನಾಲ್ಕು ಜನರಿಂದ ತಳ್ಳಿಸಿಕೊಂಡೇ ಬರಬೇಕಾಗುತ್ತದೆ, ತಳ್ಳಿದವರ ಚಹಾದ ಖರ್ಚು ಬೇರೆ. ಘಾಟಿಯಲ್ಲಿ ಸ್ಟಿಯರಿಂಗ್ ನನ್ನದು, ಮರಳಿನಲ್ಲಿ ಗಂಡನದು. ಅಲ್ಲಿಂದ ತುಸು ದಕ್ಷಿಣಕ್ಕೆ ಧರ್ಮಡಂ ದ್ವೀಪ ಇದೆ. ಇಳಿತ ಚೆನ್ನಾಗಿದ್ದರೆ ದಡದಿಂದ ಮೊಣಕಾಲು ನೀರಿನಲ್ಲಿ ಅದರ ಕಡೆಗೆ ನಡೆಯಬಹುದು. ನೀರು ತಿರುಗುವ ಹೊತ್ತು ತಿಳಿಯದೆ ಹೋದವರನ್ನು ದಡದಲ್ಲಿರುವ ಮೀನುಗಾರರು ಕೂಗಿ ಕರೆಯುವುದನ್ನು ನಾವೇ ಕಂಡಿದ್ದೇವೆ.

ಹನ್ನೊಂದರ ಹೊತ್ತಿಗೆ ತಲಚೇರಿ ಕೋಟೆ. 1708ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಕಟ್ಟಿಸಿದ ಚಿಕ್ಕ ಕೋಟೆ ಅದು, ಮುಕ್ಕಾಲು ಗಂಟೆ ಸಾಕು. ಕಣ್ಣೂರಿನಲ್ಲಿ ಪೋರ್ಚುಗೀಸರು 1505ರಲ್ಲಿ ಕಟ್ಟಿದ ಸೇಂಟ್ ಏಂಜೆಲೊ ಕೋಟೆ ಇದಕ್ಕಿಂತ ಎಷ್ಟೋ ಚಂದವಾಗಿದೆ, ಆದರೆ ಅಲ್ಲಿಗೆ ಹೋದರೆ ಬಿರಿಯಾನಿಯ ಹೊತ್ತು ತಪ್ಪುತ್ತದೆ. ಹನ್ನೆರಡೂಕಾಲಕ್ಕೆ ಹೋಟೆಲಿನಲ್ಲಿ ಕೂತಿರಲೇಬೇಕು. ಜೀರಕಶಾಲ ಎಂಬ ಸಣ್ಣಕ್ಕಿಯನ್ನೂ ಮಸಾಲೆಯನ್ನೂ ಬೇರೆ ಬೇರೆಯಾಗಿ ಬೇಯಿಸಿ, ಪದರ ಹಾಕಿ ದಮ್ ಕೊಡುವ ಬಿರಿಯಾನಿ ಇದು. ಪಾತ್ರೆಯ ಬಾಯಿ ತೆಗೆದ ಮೊದಲ ಅರ್ಧ ಗಂಟೆಯಲ್ಲಿ ಅನ್ನ ಬಿಡಿಬಿಡಿಯಾಗಿ ತುಪ್ಪದ ಪರಿಮಳದಿಂದಿರುತ್ತದೆ, ಎರಡು ಗಂಟೆಗೆ ಬಂದವರಿಗೆ ಮುದ್ದೆಯಾದದ್ದು ಸಿಗುತ್ತದೆ. ಕರಿಮೆಣಸು, ಕಾಚಂಪುಳಿ ಎಂಬ ಕೊಡಗಿನ ಕಪ್ಪು ಹುಳಿರಸಕ್ಕೆ ಒಗ್ಗಿದ ನಮ್ಮ ನಾಲಿಗೆಗೆ ಖಾರ ಕಡಿಮೆಯೆನಿಸಬಹುದು, ಎರಡನೆಯ ತುತ್ತಿಗೆ ಹೊಂದಿಕೊಳ್ಳುತ್ತದೆ. ಹೋಟೆಲಿನ ಹೆಸರು ಹೇಳುವುದಿಲ್ಲ, ಈಗಲೇ ಅಲ್ಲಿ ಜಾಗ ಸಿಗುವುದು ಕಷ್ಟ. ಮೇಲೊಂದು ಸುಲೈಮಾನಿ ಎಂಬ ಹಾಲಿಲ್ಲದ ಚಹಾ, ಪೊಟ್ಟಣದಲ್ಲಿ ನಾಲ್ಕು ಉನ್ನಕ್ಕಾಯ ಎಂಬ ಬಾಳೆಹಣ್ಣಿನ ಸಿಹಿತಿಂಡಿ.

ನಡುವೆ ಕೆಲವು ಪ್ರಯೋಗಗಳೂ ಆದವು. 2024ರಲ್ಲಿ ಮಾಹೆ ಬೈಪಾಸ್ ತೆರೆದ ಮೇಲೆ ಪೆಟ್ರೋಲ್ ತುಂಬಿಸಲೆಂದೇ, ಪುದುಚೇರಿಗೆ ಸೇರಿದ್ದು ತೆರಿಗೆ ಕಡಿಮೆಯಿರುವ ಮಾಹೆಗೆ ಹೋಗಿ ನೋಡಿದೆವು. ಲೀಟರಿಗೆ ಕೇರಳಕ್ಕಿಂತ ಹತ್ತು ರೂಪಾಯಿಯಷ್ಟು ಉಳಿದರೂ ಹೋಗಿಬರುವ ಎಣ್ಣೆ ಮತ್ತು ಒಂದು ಗಂಟೆಯನ್ನು ಲೆಕ್ಕ ಹಾಕಿದರೆ ಕೈಗೆ ಹತ್ತುವುದು ನೂರು ರೂಪಾಯಿ, ಹಾಗಾಗಿ ವಿರಾಜಪೇಟೆಯಲ್ಲೇ ಟ್ಯಾಂಕ್ ತುಂಬಿಸಿ ಹೊರಡುವುದು ವಾಸಿ. ಭಾಗಮಂಡಲ, ಕರಿಕೆ ಮಾರ್ಗವಾಗಿ ಬೇಕಲಕ್ಕೂ ಹೋಗಿದ್ದೆವು. ಕೋಟೆ ಭವ್ಯ, ತಿರುವುಗಳು ವಿಪರೀತ, ಊಟ ಸಾಧಾರಣ. ಇನ್ನೊಮ್ಮೆ ಮಾರುಕಟ್ಟೆಯಲ್ಲಿ ಕೊಂಡ ಮತ್ತಿ ಮೀನನ್ನು ಎರಡು ಪಾಲು ಮಾಡಿ, ಒಂದಕ್ಕೆ ಐಸ್ ಮಾತ್ರ, ಇನ್ನೊಂದಕ್ಕೆ ಉಪ್ಪು, ಮೆಣಸಿನಪುಡಿ ಮತ್ತು ಕಾಚಂಪುಳಿ ಹಚ್ಚಿ ತಂದೆ. ಕಾಚಂಪುಳಿಯ ಮೀನು ಹುರಿಯಲು ಗಟ್ಟಿಯಾಗಿ ಬಂದಿತಾದರೂ ಹುಳಿ ಒಳಗಿನವರೆಗೆ ಇಳಿದು ಮೀನಿನ ಸವಿಯನ್ನು ನುಂಗಿಬಿಟ್ಟಿತ್ತು. ಐಸ್ ಹಾಕಿ ತಂದದ್ದೇ ಗೆದ್ದಿತು.

ಮೂರೂಕಾಲಕ್ಕೆ ತಲಚೇರಿ ಬಿಟ್ಟರೆ ಐದರ ಸುಮಾರಿಗೆ ಕೂಟುಪುಳೆ, ಆರಕ್ಕೆ ಮನೆ. ಪೆಟ್ರೋಲಿಗೆ ಸಾವಿರದ ಮುನ್ನೂರು, ಬಿರಿಯಾನಿಗೆ ಐನೂರು, ತಿಂಡಿ, ಮೀನು, ಬೀಚಿನ ಶುಲ್ಕ ಎಲ್ಲ ಸೇರಿ ಆರುನೂರರಷ್ಟು, ಕಾರು ತೊಳೆಸಲು ಮುನ್ನೂರೈವತ್ತು; ಒಟ್ಟು ಮೂರು ಸಾವಿರ ದಾಟುವುದಿಲ್ಲ. ಕಾರು ತೊಳೆಸುವ ಹಣವನ್ನು ಮಾತ್ರ ಉಳಿಸಲು ಹೋಗಬಾರದು. ಮರಳಿನ ಮೇಲೆ ಓಡಿಸಿದ ಕಾರಿನ ಅಡಿಭಾಗಕ್ಕೆ ಅದೇ ಸಂಜೆ ಜೋರಾಗಿ ಸಿಹಿನೀರು ಹಾಯಿಸದಿದ್ದರೆ ಉಪ್ಪು ಕೂತು ತುಕ್ಕು ಹಿಡಿಯುತ್ತದೆ. ನಮ್ಮ ಹಳೆಯ ಕಾರಿನ ಸೈಲೆನ್ಸರ್ ಬದಲಿಸಲು ನಾಲ್ಕು ಸಾವಿರದ ಮೇಲೆ ಕೊಡಬೇಕಾಗಿ ಬಂದದ್ದು ಅದರಿಂದಲೇ.