ಇಳಿತ ನೋಡಿ ದಿನ ಗೊತ್ತು ಮಾಡಿದ ಸುಂದರಬನ

ಸುಂದರಬನಕ್ಕೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ನಲವತ್ತು ಜನ ತುಂಬಿದ್ದ ದೊಡ್ಡ ಲಾಂಚಿನಲ್ಲಿ. ಧ್ವನಿವರ್ಧಕದಲ್ಲಿ ಹಾಡು, ಮೇಲಿನ ಅಟ್ಟದಲ್ಲಿ ಊಟದ ಗದ್ದಲ, ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಹುಲಿ ಎಲ್ಲಿ? ಮೂರು ಕಾವಲುಗೋಪುರ ಹತ್ತಿ ಇಳಿದು ಸಂಜೆಗೆ ವಾಪಸಾದೆವು. ಅಷ್ಟು ದೂರ ಹೋಗಿಬಂದರೂ ಆ ಕಾಡು ಹೇಗೆ ಬದುಕುತ್ತದೆ ಎಂಬುದು ನನಗೆ ಒಂದಿಷ್ಟೂ ತಿಳಿಯಲಿಲ್ಲ. ಆ ಕೊರಗು ಬಹಳ ದಿನ ಉಳಿದಿತ್ತು. ಕಳೆದ ಚಳಿಗಾಲದಲ್ಲಿ ಅಪ್ಪನನ್ನು ಕರೆದುಕೊಂಡು ಮತ್ತೆ ಹೋದೆ. ಈ ಸಲ ನಮ್ಮಿಬ್ಬರಿಗೇ ಒಂದು ಸಣ್ಣ ದೋಣಿ, ಒಬ್ಬ ಗೈಡ್, ಒಂದೇ ಒಂದು ದಿನ. ಅದನ್ನು ಹೇಗೆ ಹೊಂದಿಸಿಕೊಂಡೆ ಎಂದು ಹಲವರು ಕೇಳಿದ್ದರಿಂದ ಬರೆಯುತ್ತಿದ್ದೇನೆ.

ರಜೆ ನೋಡಿ ದಿನಾಂಕ ಗೊತ್ತು ಮಾಡಲು ಹೊರಟಿದ್ದೆ. ಅಪ್ಪ ಕರಾವಳಿಯಲ್ಲಿ ಹುಟ್ಟಿ ಬೆಳೆದವರು. ಅವರು ಕೇಳಿದ್ದು ಒಂದೇ ಮಾತು: "ಅಲ್ಲಿ ಭರತ ಎಷ್ಟು ಹೊತ್ತಿಗೆ, ವಿಚಾರಿಸಿದೆಯಾ?" ನೀರು ಏರುವ ಆ ಹೊತ್ತನ್ನು ನಾನು ವಿಚಾರಿಸಿರಲಿಲ್ಲ. ಮೊದಲ ಸಲವೂ ವಿಚಾರಿಸಿರಲಿಲ್ಲ. ಆ ದಿನ ಕೈತಪ್ಪಿಹೋಗಿದ್ದಕ್ಕೆ ಅರ್ಧ ಕಾರಣ ಅದೇ ಎಂದು ಈಗ ಅನ್ನಿಸುತ್ತದೆ.

ಗಂಗಾ, ಬ್ರಹ್ಮಪುತ್ರಾ, ಮೇಘನಾ ನದಿಗಳು ಹೂಳು ತಂದು ಸುರಿದು ಕಟ್ಟಿದ ಈ ಮುಖಜಭೂಮಿಯ ಅಂಚಿನಲ್ಲಿ ಸುಮಾರು 10,000 ಚದರ ಕಿಲೋಮೀಟರಿನಷ್ಟು ಕಾಂಡ್ಲಾ (ಮ್ಯಾಂಗ್ರೋವ್) ಕಾಡಿದೆ. ಅದರಲ್ಲಿ ಸುಮಾರು ಶೇ 40ರಷ್ಟು ಭಾರತದಲ್ಲಿದೆ, ಉಳಿದದ್ದು ಬಾಂಗ್ಲಾದೇಶದಲ್ಲಿ. ಅಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಪ್ರತಿದಿನವೂ ಅದು ಹಿಂದಿನ ದಿನಕ್ಕಿಂತ ಹೆಚ್ಚುಕಡಿಮೆ ಐವತ್ತು ನಿಮಿಷ ತಡ. ಹೀಗಾಗಿ ನೀರಿನ ಹೊತ್ತು ತಿಥಿಗೆ ಕಟ್ಟುಬಿದ್ದಿರುತ್ತದೆ. ದೋಣಿಯವರಿಗೆ ಫೋನ್ ಮಾಡಿ, "ಬೆಳಗ್ಗೆ ಭರತ, ಮಧ್ಯಾಹ್ನದ ಮೇಲೆ ಇಳಿತ ಸಿಗುವ ದಿನ ಯಾವುದು?" ಎಂದು ಕೇಳಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಏಕಾದಶಿಗೆ ಬನ್ನಿ ದೀದಿ. ಒಂಬತ್ತರ ಸುಮಾರಿಗೆ ನೀರು ತುಂಬುತ್ತದೆ, ಮೂರರ ಹೊತ್ತಿಗೆ ಪೂರ್ತಿ ಇಳಿಯುತ್ತದೆ." ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಭರತಕ್ಕೆ ಅಲ್ಲಿಯವರು ಭರಾ ಕೋಟಾಲ್ ಎನ್ನುತ್ತಾರೆ, ಅಷ್ಟಮಿಯ ಆಸುಪಾಸಿನ ಸಣ್ಣದಕ್ಕೆ ಮರಾ ಕೋಟಾಲ್. ನಮ್ಮದು ಎರಡರ ನಡುವಿನ ದಿನ.

ಮುಖ್ಯವಾದ ಮಾತೆಂದರೆ ಇದೇ. ಇಲ್ಲಿ ಒಂದೇ ದಿನ ಕೈಯಲ್ಲಿದ್ದರೆ ಮೊದಲು ನೀರಿನ ಹೊತ್ತನ್ನು ಕೇಳಿ, ಆಮೇಲೆ ರಜೆ ಹಾಕಿ. ತುಂಬು ಭರತದಲ್ಲಿ ದಂಡೆಯ ಕೆಸರೆಲ್ಲ ಮುಳುಗಿ ಗಿಡಗಳ ತಲೆ ಮಾತ್ರ ಕಾಣಿಸುತ್ತದೆ, ಪ್ರಾಣಿಗಳು ಒಳಗೆ ಸರಿದಿರುತ್ತವೆ. ಪೂರ್ತಿ ಇಳಿತದಲ್ಲಿ ದಂಡೆ ಬಿಚ್ಚಿಕೊಳ್ಳುತ್ತದೆ, ಆದರೆ ಕಿರಿದಾದ ಕಾಲುವೆಗಳಿಗೆ ದೋಣಿ ನುಗ್ಗಲಾರದು. ಎರಡೂ ಬೇಕೆಂದರೆ ನೀರು ಇಳಿಯುತ್ತಿರುವ ಹೊತ್ತಿನ ಬೆನ್ನು ಹಿಡಿಯಬೇಕು.

ದೋಣಿಯವರಲ್ಲಿ ಇನ್ನೂ ಕೆಲವು ವಿಷಯ ಕೇಳಿಕೊಂಡೆ. ದೋಣಿ ನಮಗೆ ಮಾತ್ರವೇ, ದಾರಿಯಲ್ಲಿ ಬೇರೆಯವರನ್ನು ಹತ್ತಿಸುತ್ತೀರಾ? ಶೌಚಾಲಯ, ಲೈಫ್ ಜಾಕೆಟ್ ಇವೆಯೇ? ಮೇಲಿನ ಅಟ್ಟಕ್ಕೆ ಹತ್ತುವ ಏಣಿಗೆ ಹಿಡಿಕೆ ಇದೆಯೇ? ಅರಣ್ಯ ಇಲಾಖೆಯ ಪ್ರವೇಶ ಶುಲ್ಕವೂ ಗೈಡ್ ಶುಲ್ಕವೂ ಬಾಡಿಗೆಯಲ್ಲಿ ಸೇರಿವೆಯೇ, ಬೇರೆಯೇ? ಹುಲಿ ರಕ್ಷಿತಾರಣ್ಯದೊಳಗೆ ಹೋಗುವ ಪ್ರತಿ ದೋಣಿಯಲ್ಲೂ ಪರವಾನಗಿ ಇರುವ ಗೈಡ್ ಇರಲೇಬೇಕು, ಎಲ್ಲರ ಗುರುತಿನ ಚೀಟಿಯೂ ಬೇಕು. ಊಟದ ವಿಷಯದಲ್ಲಿ "ನಿರಾಮಿಷ್" ಎಂಬ ಒಂದು ಪದ ಸಾಕಾಯಿತು, ಸಸ್ಯಾಹಾರ ಎಂದು ಅರ್ಥ. ಅನ್ನ, ಬೇಳೆ, ಬದನೆಕಾಯಿ ಹೋಳಿನ ಬೇಗುನ್ ಭಾಜಾ, ಗಸಗಸೆ ಅರೆದು ಹಾಕಿದ ಆಲೂ ಪೋಸ್ತೊ. ಎಲ್ಲವನ್ನೂ ದೋಣಿಯ ಹಿಂಬದಿಯ ಪುಟ್ಟ ಅಡುಗೆಮನೆಯಲ್ಲೇ ಬಿಸಿಬಿಸಿಯಾಗಿ ಮಾಡಿಕೊಟ್ಟರು.

ಕೋಲ್ಕತ್ತಾದಿಂದ ಬೆಳಗಿನ ಜಾವ ಐದಕ್ಕೆ ಕಾರಿನಲ್ಲಿ ಹೊರಟೆವು. ಬಾಸಂತಿ ಹೆದ್ದಾರಿಯಲ್ಲಿ ದೋಣಿ ಹತ್ತುವ ಗೋಡ್‌ಖಾಲಿ ಘಾಟ್‌ವರೆಗೆ ಸುಮಾರು 100 ಕಿಲೋಮೀಟರ್. ಮಂಜು ಇದ್ದದ್ದರಿಂದ ಮೂರು ತಾಸಿನ ಮೇಲೆ ಹಿಡಿಯಿತು. ಸಿಯಾಲ್ದಾದಿಂದ ಲೋಕಲ್ ರೈಲಿನಲ್ಲಿ ಕ್ಯಾನಿಂಗ್‌ಗೆ ಹೋಗಿ ಅಲ್ಲಿಂದ ಮುಂದೆ ಬಾಡಿಗೆ ವಾಹನ ಹಿಡಿಯುವವರೂ ಇದ್ದಾರೆ. ಖರ್ಚು ಕಡಿಮೆಯೇನೋ ಹೌದು, ಆದರೆ ವಯಸ್ಸಾದವರಿಗೆ ಆ ಬದಲಾವಣೆಗಳೇ ಆಯಾಸ.

ಘಾಟ್ ತಲುಪಿದಾಗ ನೀರು ಮೇಲಿನ ಮೆಟ್ಟಿಲುಗಳವರೆಗೂ ಬಂದಿತ್ತು. ಅಪ್ಪನ ಮಂಡಿನೋವು ನನಗೆ ದೊಡ್ಡ ಚಿಂತೆಯಾಗಿತ್ತು. ಎರಡೇ ಹೆಜ್ಜೆಗೆ ಅವರು ದೋಣಿಯಲ್ಲಿದ್ದರು. ಇಳಿತದ ಹೊತ್ತಿಗೆ ಬಂದಿದ್ದರೆ ಕೆಸರು ಮೆತ್ತಿದ ಜಾರುವ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಯಬೇಕಿತ್ತು.

ಎದುರು ದಂಡೆಯೇ ಗೋಸಾಬಾ. ಡೇನಿಯಲ್ ಹ್ಯಾಮಿಲ್ಟನ್ ಎಂಬ ಸ್ಕಾಟ್ಲೆಂಡಿನವರು ಸಹಕಾರಿ ಪದ್ಧತಿಯಲ್ಲಿ ಊರು ಕಟ್ಟಿದ ದ್ವೀಪ. 1932ರ ಡಿಸೆಂಬರಿನಲ್ಲಿ ರವೀಂದ್ರನಾಥ ಠಾಕೂರರು ಅದನ್ನು ನೋಡಲೆಂದೇ ಬಂದಿದ್ದರು. ನಾವು ಇಳಿಯಲಿಲ್ಲ, ಹೊತ್ತಿರಲಿಲ್ಲ. ದೋಣಿ ದಂಡೆಯ ಪಕ್ಕದಲ್ಲೇ ಸಾಗುತ್ತಿದ್ದಾಗ ಅಪ್ಪ ನನ್ನ ತೋಳು ಹಿಡಿದು, "ಅಲ್ಲಿ ನೋಡು, ಗದ್ದೆ ಕೆಳಗಿದೆ" ಎಂದರು. ನಿಜ. ಮಣ್ಣಿನ ಕಟ್ಟೆಯ ಆಚೆ ಗದ್ದೆ, ಕೊಳ, ಬೈಹುಲ್ಲಿನ ಮೆದೆ, ಹಿತ್ತಿಲಲ್ಲಿ ಬಟ್ಟೆ ಒಣಗಲು ಹಾಕುತ್ತಿದ್ದ ಹೆಂಗಸು, ಎಲ್ಲವೂ ನದಿಯ ನೀರಿಗಿಂತ ತಗ್ಗಿನಲ್ಲಿದ್ದವು. ನಾವು ದೋಣಿಯಲ್ಲಿ ಕುಳಿತು ಊರನ್ನು ಮೇಲಿನಿಂದ ನೋಡುತ್ತಿದ್ದೆವು. ನಡುವೆ ಇದ್ದದ್ದು ಆ ಕಟ್ಟೆ ಮಾತ್ರ. 2009ರ ಮೇ 25ರಂದು ಐಲಾ ಚಂಡಮಾರುತ ಬಂದಾಗ ಒಡೆದದ್ದು ಇಂಥ ಕಟ್ಟೆಗಳೇ. ಉಪ್ಪುನೀರು ಹೊಕ್ಕ ಗದ್ದೆಯಲ್ಲಿ ಮೂರು ವರ್ಷ ಬತ್ತ ಏಳಲಿಲ್ಲ ಎಂದು ದೋಣಿಯವರು ಚುಕ್ಕಾಣಿ ಹಿಡಿದುಕೊಂಡೇ ಹೇಳಿದರು. ಅವರ ತಮ್ಮ ಆಗ ಕೂಲಿ ಹುಡುಕಿಕೊಂಡು ಹೊರರಾಜ್ಯಕ್ಕೆ ಹೋದವನು ಇನ್ನೂ ಅಲ್ಲೇ ಇದ್ದಾನಂತೆ.

ಸಜನೇಖಾಲಿಯ ಅರಣ್ಯ ಕಚೇರಿಯಲ್ಲಿ ಅನುಮತಿ ಚೀಟಿ ಮಾಡಿಸುವಾಗ ಗೈಡ್ ನಮ್ಮ ಜೊತೆಗೂಡಿದರು. ಐವತ್ತರ ಆಸುಪಾಸಿನ ಮನುಷ್ಯ, ಕಡಿಮೆ ಮಾತು. ಬಂದ ತಕ್ಷಣ ಹುಲಿಯ ವಿಚಾರ ಎತ್ತಿದರು: ನಿನ್ನೆ ಯಾರಿಗೂ ಕಂಡಿಲ್ಲ, ಮೊನ್ನೆ ಒಂದು ದೋಣಿಗೆ ಕಂಡಿತ್ತು. ನಾನು ಅಲ್ಲೇ ತಡೆದೆ. "ದಾದಾ, ಹುಲಿಗಾಗಿ ಬಂದವರಲ್ಲ ನಾವು. ನಮಗೆ ಕೆಸರು ತೋರಿಸಿ." ಅವರು ಅಪ್ಪನ ಮುಖ ನೋಡಿದರು. ಅಪ್ಪ ತಲೆಯಾಡಿಸಿದರು. ಆಮೇಲಿನ ಆರು ತಾಸಿನ ರೀತಿಯೇ ಬೇರೆ. 2022ರ ಗಣತಿಯ ಪ್ರಕಾರ ಭಾರತದ ಈ ಭಾಗದಲ್ಲಿ ನೂರರಷ್ಟು ಹುಲಿಗಳಿವೆ. ಇಷ್ಟು ದಟ್ಟವಾದ, ಇಷ್ಟು ದೊಡ್ಡ ಕಾಡಿನಲ್ಲಿ ಅವು ಕಾಣದಿರುವುದೇ ಸಹಜ. ಆದರೂ ಹುಲಿ ಕಾಣದ ಸಿಟ್ಟನ್ನು ಜನ ಗೈಡುಗಳ ಮೇಲೆ ತೀರಿಸಿಕೊಳ್ಳುತ್ತಾರೆ. ಅದರ ಭಯದಲ್ಲಿ ಅವರು ತಮಗೆ ಗೊತ್ತಿರುವುದನ್ನೆಲ್ಲ ಬದಿಗಿಟ್ಟು ಹುಲಿಯ ಹಿಂದೆ ದೋಣಿ ಓಡಿಸುತ್ತಾರೆ. ಆ ಹೊರೆಯನ್ನು ಮೊದಲೇ ಇಳಿಸಿಬಿಡಿ ಎಂದು ನಾನು ಎಲ್ಲರಿಗೂ ಕೈಮುಗಿದು ಹೇಳುತ್ತೇನೆ.

ದೋಣಿ ಹತ್ತುವ ಮುಂಚೆ ನಮ್ಮ ಗೈಡ್ ಕಚೇರಿಯ ಆವರಣದಲ್ಲಿರುವ ಬೊನ್‌ಬೀಬಿಯ ಗುಡಿಗೆ ನಮಸ್ಕರಿಸಿದರು. ಜೇನು ಕೀಳಲು, ಏಡಿ ಹಿಡಿಯಲು ಕಾಡಿಗೆ ಹೋಗುವವರನ್ನು ಕಾಯುವ ತಾಯಿ. ಹಿಂದೂ, ಮುಸ್ಲಿಂ ಎನ್ನದೆ ಎಲ್ಲರೂ ಅವಳಿಗೆ ಕೈಮುಗಿದೇ ಕಾಡಿಗೆ ಕಾಲಿಡುತ್ತಾರೆ. ಅಲ್ಲೇ ಇದ್ದ ಬಾಯಿನ್ ಗಿಡದ ಒಂದು ಎಲೆಯನ್ನು ಗೈಡ್ ತಿರುಗಿಸಿ ತೋರಿಸಿದರು. ಅಡಿಭಾಗದಲ್ಲಿ ಹಿಟ್ಟು ಚಿಮುಕಿಸಿದಂತೆ ಬಿಳಿಯ ಪುಡಿ. "ನಾಲಿಗೆಗೆ ಹಚ್ಚಿ ನೋಡಿ ಕಾಕು (ಚಿಕ್ಕಪ್ಪ)" ಎಂದು ಅಪ್ಪನಿಗೆ ಹೇಳಿದರು. ಉಪ್ಪು! ಬೇರಿನಿಂದ ಒಳಗೆ ಬಂದ ಉಪ್ಪನ್ನು ಆ ಗಿಡ ಎಲೆಯ ಮೂಲಕ ಹೊರಹಾಕುತ್ತದೆ. ಹಾಗೆಂದು ಕಂಡ ಎಲೆಯನ್ನೆಲ್ಲ ಮುಟ್ಟಬಾರದು. ಗೆಂವಾ ಮರದ ಹಾಲು ಕಣ್ಣಿಗೆ ಬಿದ್ದರೆ ಅಪಾಯ ಎಂದು ಅವರೇ ಎಚ್ಚರಿಸಿದರು.

ಸುಧನ್ಯಖಾಲಿಯ ಕಾವಲುಗೋಪುರಕ್ಕೆ ಮೊದಲು ಹೋಗುವುದೆಂದು ನಾನು ಬರೆದಿಟ್ಟುಕೊಂಡಿದ್ದೆ. ಗೈಡ್ ಒಪ್ಪಲಿಲ್ಲ. "ಗೋಪುರ ಎಲ್ಲಿಗೂ ಹೋಗುವುದಿಲ್ಲ ದೀದಿ, ನೀರು ಹೋಗುತ್ತಿದೆ." ದೋಣಿಯನ್ನು ಪೀರ್‌ಖಾಲಿಯ ಕಡೆಯ ಒಂದು ಕಿರಿದಾದ ಕಾಲುವೆಗೆ ತಿರುಗಿಸಿದರು. ಅಲ್ಲಿಯವರು ಅದಕ್ಕೆ ಖಾಲ್ ಎನ್ನುತ್ತಾರೆ. ಒಳಗೆ ಒಂದಷ್ಟು ದೂರ ಹೋದ ಮೇಲೆ ಎಂಜಿನ್ ನಿಲ್ಲಿಸಲು ಹೇಳಿದರು.

ಆ ಮೌನಕ್ಕಾಗಿಯೇ ಬೇರೆ ದೋಣಿ ಮಾಡಿಕೊಂಡದ್ದು ಸಾರ್ಥಕವಾಯಿತು. ದೋಣಿ ಇಳಿತದ ಸೆಳೆತಕ್ಕೆ ತಾನಾಗಿಯೇ ನಿಧಾನ ಹಿಂದಕ್ಕೆ ಸರಿಯುತ್ತಿತ್ತು. ಮೊದಲು ಕೇಳಿಸಿದ್ದು ಒಂದು ಸಣ್ಣ ಚಟಚಟ ಸದ್ದು, ಒದ್ದೆ ಕೆಸರಿನಲ್ಲಿ ಗುಳ್ಳೆಗಳು ಒಡೆಯುವುದು. ಆಮೇಲೆ ಒಂದೊಂದಾಗಿ ಬೇರುಗಳು ಕಾಣಿಸಿಕೊಂಡವು. ನೆಲದಿಂದ ಮೇಲಕ್ಕೆ, ಮೊಳೆ ನೆಟ್ಟಂತೆ ಸಾವಿರಾರು. ಈ ಕೆಸರಿನಲ್ಲಿ ಗಾಳಿಯಿಲ್ಲ. ಅದಕ್ಕೇ ಬೇರು ಉಸಿರಾಡಲು ಮೇಲೆ ಬರುತ್ತದೆ. ಅವುಗಳ ನಡುವೆ ಹೆಬ್ಬೆರಳ ಗಾತ್ರದ ಕೆಸರುಮೀನುಗಳು ರೆಕ್ಕೆಯನ್ನೇ ಕಾಲು ಮಾಡಿಕೊಂಡು ತೆವಳುತ್ತಿದ್ದವು. ಒಂದು ಮೀನು ಬೇರಿನ ತುದಿಗೆ ಹತ್ತಿ ಕುಳಿತು, ತಲೆಯ ಮೇಲೆ ಉಬ್ಬಿದ್ದ ಕಣ್ಣುಗಳಲ್ಲಿ ಒಂದನ್ನು ಒಳಕ್ಕೆ ಎಳೆದುಕೊಂಡು ಮತ್ತೆ ಹೊರಬಿಟ್ಟಿತು. ಕೆಂಪು ಏಡಿಗಳ ಗಂಡುಗಳು ಒಂದೇ ದೊಡ್ಡ ಕೊಂಡಿಯನ್ನು ಎತ್ತಿ ಇಳಿಸಿ ಯಾರನ್ನೋ ಕರೆಯುತ್ತಿದ್ದವು. ಅಪ್ಪ ಅರ್ಧ ತಾಸು ಅಲುಗಾಡದೆ ಕುಳಿತಿದ್ದರು.

ಈ ಕಾಡಿಗೆ ಹೆಸರು ಬಂದದ್ದು ಸುಂದರಿ ಮರದಿಂದ ಎನ್ನುತ್ತಾರೆ. "ಸುಂದರಿ ಎಲ್ಲಿ?" ಎಂದು ಕೇಳಿದೆ. ಗೈಡ್ ಹುಡುಕಿ ತೋರಿಸಬೇಕಾಯಿತು. ಸುಂದರಿಗೆ ಸ್ವಲ್ಪವಾದರೂ ಸಿಹಿನೀರು ಬೇಕು. ಮಾತ್ಲಾ, ವಿದ್ಯಾಧರಿಯಂಥ ಇಲ್ಲಿನ ನದಿಗಳಿಗೆ ಮೇಲಿನ ಗಂಗೆಯ ಸಂಪರ್ಕ ಯಾವತ್ತೋ ಕಡಿದುಹೋಗಿದೆ. ಹೆಸರಿಗೆ ನದಿ, ಒಳಗೆ ಓಡಾಡುವುದು ಸಮುದ್ರದ ನೀರು. ಸಿಹಿನೀರು ಹೆಚ್ಚು ಸಿಗುವ ಬಾಂಗ್ಲಾದೇಶದ ಕಡೆ ಸುಂದರಿ ಇನ್ನೂ ಹೇರಳವಾಗಿದೆ.

ಊಟ ಮುಗಿಸಿ ಸುಧನ್ಯಖಾಲಿಯ ಗೋಪುರ ಹತ್ತಿದೆವು. ಎದುರಿನ ಸಿಹಿನೀರಿನ ಕೊಳದ ಬಳಿ ಜಿಂಕೆಗಳಿದ್ದವು. ಅಷ್ಟೇ. ದೋಬಾಂಕಿಯ ಕಾವಲುಗೋಪುರವನ್ನು ಬಿಟ್ಟೆವು. ಬಲೆ ಹಾಕಿದ ಎತ್ತರದ ನಡಿಗೆದಾರಿ ಚೆನ್ನಾಗಿದೆ, ಆದರೆ ಒಂದು ದಿನದ ಪ್ರವಾಸದಲ್ಲಿ ಹೋಗಿಬರಲು ಹಿಡಿಯುವ ಹೊತ್ತನ್ನು ನಾನು ದಂಡೆಗೆ ಕೊಡಲು ಬಯಸಿದೆ.

ಎರಡೂವರೆಯ ಹೊತ್ತಿಗೆ ದಂಡೆ ಎರಡಾಳೆತ್ತರ ಎದ್ದು ನಿಂತಿತ್ತು. ಬಿಸಿಲಿಗೆ ಮೈಯೊಡ್ಡಿ ಒಂದು ಮೊಸಳೆ ಮಲಗಿತ್ತು. ಅದನ್ನು ದಾಟಿದ ಮೇಲೆ ಗೈಡ್ ಕೈ ಎತ್ತಿದರು, ಎಂಜಿನ್ ನಿಂತಿತು. ನೀರಿನ ಅಂಚಿನಿಂದ ಹೆಂತಾಲ್ ಎಂಬ ಈಚಲು ಜಾತಿಯ ಪೊದೆಯವರೆಗೆ ಒಂದು ಸಾಲು ಹೆಜ್ಜೆ, ಅಗಲವಾದದ್ದು, ಆಳವಾದದ್ದು. ಅವರು ಪಿಸುದನಿಯಲ್ಲಿ ಲೆಕ್ಕ ಹೇಳಿದರು. ಕೆಳಗಿನ ಹೆಜ್ಜೆಗಳಿರುವ ಜಾಗ ಮಧ್ಯಾಹ್ನ ಒಂದು ಗಂಟೆಯವರೆಗೂ ನೀರಿನಡಿ ಇತ್ತು. ಮುಳುಗಿದ್ದರೆ ಗುರುತು ಕರಗಿಹೋಗುತ್ತಿತ್ತು. ಅಂದರೆ ಹುಲಿ ಹೊಳೆ ಈಜಿ ಇಲ್ಲಿ ಹತ್ತಿದ್ದು ಒಂದು ಗಂಟೆ ಹೊಡೆದ ಮೇಲೆ, ನಾವು ಗೋಪುರದಲ್ಲಿದ್ದಾಗ. ಹೆಂತಾಲಿನ ಎಲೆಗಳ ಹಳದಿ ಹಸಿರು ಪಟ್ಟೆಗಳ ಹಿಂದೆ ಅದು ಈಗಲೂ ಇರಬಹುದು. ನಾವು ಮೂವರೂ ಆ ಪೊದೆಯನ್ನು ನೋಡುತ್ತ ಕುಳಿತೆವು. ಏನೂ ಅಲುಗಾಡಲಿಲ್ಲ. ಹುಲಿ ಕಂಡಿದ್ದರೂ ನನ್ನ ಎದೆ ಇಷ್ಟು ಹೊಡೆದುಕೊಳ್ಳುತ್ತಿತ್ತೋ ಇಲ್ಲವೋ.

ನಾಲ್ಕರ ಸುಮಾರಿಗೆ ಸಜನೇಖಾಲಿಯಲ್ಲಿ ಗೈಡ್ ಇಳಿದರು. ಅಪ್ಪ ಅವರ ಎರಡೂ ಕೈ ಹಿಡಿದುಕೊಂಡರು. ನನ್ನ ಕಡೆಯಿಂದ ಕೊಟ್ಟ ಹಣವನ್ನು ಎಣಿಸದೆ ಜೇಬಿಗೆ ಹಾಕಿಕೊಂಡು, "ಕಾಕು, ಮುಂದಿನ ಸಲ ಅಮಾವಾಸ್ಯೆಗೆ ಬನ್ನಿ, ಆಗಿನ ನೀರನ್ನು ನೋಡಬೇಕು" ಎಂದರು.

ಮರಳುವಾಗ ಗೋಸಾಬಾದ ಅದೇ ಕಟ್ಟೆ ನಮ್ಮ ತಲೆಯ ಮೇಲೆ ಗೋಡೆಯಂತೆ ನಿಂತಿತ್ತು. ಬೆಳಗ್ಗೆ ಕೆಳಗೆ ಕಂಡ ಊರು ಈಗ ಕಾಣಿಸಲೇ ಇಲ್ಲ, ಆಚೆಯಿಂದ ಎದ್ದ ಒಲೆಯ ಹೊಗೆ ಮಾತ್ರ. ಕಟ್ಟೆಯ ಬುಡದಲ್ಲಿ ಇಬ್ಬರು ಹೆಂಗಸರು ಸೊಂಟಮಟ್ಟದ ನೀರಿನಲ್ಲಿ ಸಿಗಡಿ ಮರಿ ಹಿಡಿಯುವ ಬಲೆಯನ್ನು ಎಳೆದುಕೊಂಡು ನಡೆಯುತ್ತಿದ್ದರು. ದೋಣಿಯವರು ಎಂಜಿನಿನ ವೇಗ ತಗ್ಗಿಸಿ, ಅಲೆ ಅವರಿಗೆ ತಾಗದಂತೆ ನಡುಹೊಳೆಗೆ ಸರಿದರು. ನೀರು ಮತ್ತೆ ಏರತೊಡಗಿತ್ತು.